ಗಾಡಿ ನಿಂತಾಗ ಕರೆಂಟ್ ಕುಡಿಯುವವರು ಯಾರು?

(ಸುವರ್ಣ ಮಹೋತ್ಸವದ ಅಂಗವಾಗಿ ಹಳೆಯ ವಿದ್ಯಾರ್ಥಿಯೊಬ್ಬರು ಶಾಲೆಯ ಮಕ್ಕಳಿಗೆ ತಮ್ಮ ಕಸುಬಿನ ಬಗ್ಗೆ ಹೇಳಿದ ಮಾತುಗಳ ಬರಹರೂಪ)



ನನಗೆ ಭಾಷಣ ಮಾಡಿ ರೂಢಿಯಿಲ್ಲ. ಗಾಡಿಯ ಕೆಳಗೆ ಮಲಗಿ ವಾಯರ್ ಹುಡುಕುವುದಷ್ಟೇ ನನ್ನ ರೂಢಿ. ನಿನ್ನೆ ಮುಖ್ಯೋಪಾಧ್ಯಾಯರು ಫೋನ್ ಮಾಡಿ, "ನೀವು ಏನು ಕೆಲಸ ಮಾಡ್ತೀರೋ ಅದನ್ನೇ ಮಕ್ಕಳಿಗೆ ಹೇಳ್ರಿ, ಬ್ಯಾರೆ ಏನೂ ಬ್ಯಾಡ" ಅಂದರು. ಆದ್ದರಿಂದ ಧೈರ್ಯ ಮಾಡಿ ಬಂದಿದ್ದೇನೆ.

ನಾನು ಎಸ್.ಎಸ್.ಎಲ್.ಸಿ. ಮುಗಿಸಿ ಹುಬ್ಬಳ್ಳಿಯ ಒಂದು ಗ್ಯಾರೇಜಿನಲ್ಲಿ ಆರು ವರ್ಷ ಎಲೆಕ್ಟ್ರಿಶಿಯನ್ ಕೆಲಸ ಕಲಿತೆ. ಆಮೇಲೆ ಊರಿಗೆ ಬಂದು ಸಣ್ಣ ಅಂಗಡಿ ಹಾಕಿದೆ. ಸೆಲ್ಫ್, ಡೈನಮೋ, ಹಾರನ್, ಲೈಟು, ಟೇಪ್ ಸೆಟ್ ಇವೇ ನನ್ನ ಕೆಲಸ. ಇವತ್ತು ಒಂದೇ ವಿಷಯ ಹೇಳುತ್ತೇನೆ. ಗಾಡಿಗೆ ಹಾಡಿನ ಸೆಟ್ ಹಾಕಿಸಿದ ಮೇಲೆ ಮುಂಜಾನೆ ಬ್ಯಾಟರಿ ಇಳಿದಿರುತ್ತದಲ್ಲ, ಅದು ಯಾಕೆ, ಅದನ್ನು ಹುಡುಕುವುದು ಹೇಗೆ. ಇದು ಸಣ್ಣ ವಿಷಯ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಸಣ್ಣದಲ್ಲ ಅಂತ ಹೇಗೆ ಗೊತ್ತಾಯಿತು ಅನ್ನುವುದನ್ನೂ ಹೇಳುತ್ತೇನೆ.

ಹಾಡು ಕೇಳಬೇಡಿರಿ ಅಂತ ನಾನು ಹೇಳುವವನಲ್ಲ. ಸವಾಯಿ ಗಂಧರ್ವರ ಕುಂದಗೋಳ ನಮ್ಮ ತಾಲೂಕಿನ ಊರು. ಈ ಸೀಮೆಯವನಾಗಿ ಹಾಡು ಬೇಡ ಅಂದರೆ ಯಾರು ಕೇಳುತ್ತಾರೆ? ನಾನು ಹೇಳುವುದು ಇಷ್ಟೇ: ಹಾಡು ನಿಂತ ಮೇಲೂ ಯಾರಾದರೂ ಕರೆಂಟ್ ಕುಡಿಯುತ್ತ ಕೂತಿರಬಹುದು. ದನಿ ಇಲ್ಲ ಅಂದಕೂಡಲೇ ಬಂದ್ ಆಗಿದೆ ಅಂತ ತಿಳಿಯಬೇಡಿ.

ಮೊದಲು ಬ್ಯಾಟರಿ ಅಂದರೇನು ನೋಡೋಣ. ಕಾರು, ಟ್ರ್ಯಾಕ್ಟರುಗಳಲ್ಲಿ ಇರುವುದು ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿ. ಗಾಸ್ಟನ್ ಪ್ಲಾಂಟೆ ಎಂಬ ಫ್ರಾನ್ಸ್ ದೇಶದವರು 1859ರಲ್ಲಿ ಇದನ್ನು ಮೊದಲು ಮಾಡಿದರು. ಅದರೊಳಗೆ ಆರು ಮನೆಗಳಿರುತ್ತವೆ. ಒಂದೊಂದು ಮನೆ 2.1 ವೋಲ್ಟ್ ಕೊಡುತ್ತದೆ. ಆರೂ ಸರಣಿಯಲ್ಲಿ ಜೋಡಿಸಿದ್ದರಿಂದ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.2ಕ್ಕೆ ಬಂದರೆ ಅರ್ಧ ಖಾಲಿ. 12ಕ್ಕಿಂತ ಕೆಳಗೆ ಹೋದರೆ ಹೆಚ್ಚುಕಡಿಮೆ ಬರಿದಾದಂತೆ. ನೋಡಿ, ಪೂರ್ತಿ ತುಂಬಿದ್ದಕ್ಕೂ ಬರಿದಾದದ್ದಕ್ಕೂ ಮುಕ್ಕಾಲು ವೋಲ್ಟಿನ ಅಂತರ. ಕಣ್ಣಿಗೆ ಕಾಣುವುದಿಲ್ಲ, ಮೀಟರಿಗೆ ಮಾತ್ರ ಕಾಣುತ್ತದೆ.

ಬ್ಯಾಟರಿಯ ಮೇಲೆ 35 ಎ.ಎಚ್. ಅಂತ ಬರೆದಿರುತ್ತದೆ. ಎ ಅಂದರೆ ಆಂಪಿಯರ್, ಎಚ್ ಅಂದರೆ ತಾಸು. ಒಂದು ಆಂಪಿಯರಿನಂತೆ ತೆಗೆದರೆ ಸುಮಾರು 35 ತಾಸು ಬರುತ್ತದೆ ಅಂತ ಅರ್ಥ. ಸಣ್ಣ ಕಾರಿಗೆ ಸಾಮಾನ್ಯವಾಗಿ ಇಷ್ಟು ದೊಡ್ಡದು ಇರುತ್ತದೆ, ಟ್ರ್ಯಾಕ್ಟರಿಗೆ ಇದರ ಎರಡು ಪಟ್ಟು ಅಥವಾ ಹೆಚ್ಚು. ಮನೆಯ ಮೇಲಿನ ನೀರಿನ ಟಾಕಿ ಇದ್ದಂತೆ. ಆದರೆ ಟಾಕಿಯ ಕೊನೆಯ ಕೊಡವನ್ನೂ ಬಳಸಬಹುದು, ಬ್ಯಾಟರಿಯದು ಹಾಗಲ್ಲ. ಸೆಲ್ಫ್ ಹೊಡೆಯುವಾಗ ಮೋಟರು ಒಮ್ಮೆಲೇ ನೂರು ಆಂಪಿಯರಿಗೂ ಹೆಚ್ಚು ಕೇಳುತ್ತದೆ. ಅರ್ಧಕ್ಕಿಂತ ಕೆಳಗಿಳಿದ ಬ್ಯಾಟರಿ ಅಷ್ಟನ್ನು ಕೊಡಲು ಒದ್ದಾಡುತ್ತದೆ. ಲೈಟು ಹತ್ತುತ್ತದೆ, ಹಾರನ್ ಕೂಗುತ್ತದೆ, ಗಾಡಿ ಮಾತ್ರ ಚಾಲೂ ಆಗುವುದಿಲ್ಲ. "ಲೈಟ್ ಹತ್ತಾವ್ರಿ, ಅಂದ ಮ್ಯಾಲೆ ಬ್ಯಾಟರಿ ಬೇಷ್ ಐತಿ" ಅಂತ ಗಿರಾಕಿಗಳು ವಾದ ಮಾಡುವುದು ಇಲ್ಲಿಯೇ.

ಈಗ ಹಾಡಿನ ಸೆಟ್ಟಿಗೆ ಬರೋಣ. ಟೇಪ್ ಇರಲಿ, ಸಿ.ಡಿ. ಇರಲಿ, ಈಗಿನ ಪೆನ್‌ಡ್ರೈವ್ ಸೆಟ್ ಇರಲಿ, ಅಂಗಡಿಯಲ್ಲಿ ಕೊಂಡ ಸೆಟ್ಟಿನ ಹಿಂದೆ ಸಾಮಾನ್ಯವಾಗಿ ಹೀಗೆ ವಾಯರುಗಳಿರುತ್ತವೆ. ಕರಿ ವಾಯರ್ ಅರ್ಥ್, ಅಂದರೆ ಗಾಡಿಯ ಮೈ. ಹಳದಿ ವಾಯರಿಗೆ ಬ್ಯಾಟರಿಯಿಂದ ಯಾವಾಗಲೂ ಕರೆಂಟ್ ಇರಬೇಕು. ಗಡಿಯಾರ, ಇಟ್ಟುಕೊಂಡ ಸ್ಟೇಷನ್ನುಗಳ ನೆನಪು ಉಳಿಯುವುದು ಅದರಿಂದ. ಅದು ಕುಡಿಯುವುದು ತೀರ ಸ್ವಲ್ಪ. ಕೆಂಪು ವಾಯರ್ ಚಾವಿಯ ಮೊದಲ ತಿರುವಿನಲ್ಲಿ ಕರೆಂಟ್ ಬರುವ ಜಾಗಕ್ಕೆ ಹೋಗಬೇಕು. ಚಾವಿ ತೆಗೆದರೆ ಕೆಂಪು ಸಾಯಬೇಕು, ಸೆಟ್ ಮಲಗಬೇಕು. ಇನ್ನೊಂದು ನೀಲಿ ವಾಯರ್, ಕೆಲವದರಲ್ಲಿ ನೀಲಿಯ ಮೇಲೆ ಬಿಳಿ ಗೆರೆ. ಇದು ಆಂಪ್ಲಿಫಾಯರಿಗೆ "ಏಳು" ಅಂತ ಹೇಳುವ ವಾಯರ್. ಸೆಟ್ ಎದ್ದರೆ ಇದರಲ್ಲಿ ಕರೆಂಟ್ ಬರುತ್ತದೆ, ಆಂಪ್ಲಿಫಾಯರ್ ಏಳುತ್ತದೆ. ಸೆಟ್ ಮಲಗಿದರೆ ಅದೂ ಮಲಗುತ್ತದೆ. ಆಂಪ್ಲಿಫಾಯರಿಗೆ ಬೇಕಾದ ದಪ್ಪ ವಾಯರ್ ಮಾತ್ರ ಬ್ಯಾಟರಿಯಿಂದ ನೇರವಾಗಿ ಬಂದಿರುತ್ತದೆ. ಅಂದರೆ ಊಟ ಯಾವಾಗಲೂ ಎದುರಿಗೇ ಇದೆ, ಉಣ್ಣು ಅನ್ನುವ ಮಾತು ಮಾತ್ರ ನೀಲಿ ವಾಯರಿನಿಂದ ಬರಬೇಕು.

ಇಷ್ಟು ತಿಳಿದರೆ ಅರ್ಧ ಕೆಲಸ ಆಯಿತು. ಕೆಂಪು ವಾಯರನ್ನು ಹಳದಿಯ ಜೊತೆ ಸುತ್ತಿಬಿಟ್ಟರೆ ಚಾವಿ ಇಲ್ಲದೆಯೂ ಹಾಡು ಬರುತ್ತದೆ. ಗಿರಾಕಿಗೆ ಖುಷಿ. ನೀಲಿಯನ್ನೂ ಅದೇ ಗಂಟಿಗೆ ಸೇರಿಸಿದರೆ ಆಂಪ್ಲಿಫಾಯರ್ ಹಗಲೂ ರಾತ್ರಿ ಎಚ್ಚರ ಇರುತ್ತದೆ. ದನಿ ಬರದಿದ್ದರೂ ಅದು ಅರ್ಧ ಆಂಪಿಯರೋ, ಒಂದು ಆಂಪಿಯರೋ ಕುಡಿಯುತ್ತಲೇ ಇರುತ್ತದೆ.

ಈಗ ನನ್ನ ಕಥೆ ಹೇಳುತ್ತೇನೆ.

ಇಪ್ಪತ್ತು ವರ್ಷದ ಹಿಂದಿನ ಮಾತು. ಆಗ 108 ಆ್ಯಂಬುಲೆನ್ಸ್ ಬಂದಿರಲಿಲ್ಲ. ನಮ್ಮ ಕಡೆಯ ಒಬ್ಬ ಹಿರಿಯರು ಹಳೆಯ ಬಿಳಿ ವ್ಯಾನು ಇಟ್ಟಿದ್ದರು. ಮದುವೆಗೆ, ಆಸ್ಪತ್ರೆಗೆ, ಹುಬ್ಬಳ್ಳಿ ಸಂತೆಗೆ ಬಾಡಿಗೆಗೆ ಹೋಗುತ್ತಿತ್ತು. ಅದಕ್ಕೆ ಟೇಪು, ಸೀಟಿನ ಕೆಳಗೆ ಒಂದು ಆಂಪ್ಲಿಫಾಯರ್, ಹಿಂದೆ ಎರಡು ಸ್ಪೀಕರ್ ಹಾಕಿದವನು ನಾನೇ. ಮದುವೆ ಮನೆಯ ಮುಂದೆ ಕಾಯುವಾಗ ಚಾವಿ ಇಲ್ಲದೆ ಹಾಡು ಬರಬೇಕು ಅಂತ ಅವರು ಕೇಳಿದ್ದರು. ನಾನು ಮಾಡಿಕೊಟ್ಟೆ. ಆ ಹಳೆಯ ಟೇಪಿಗೆ ನೀಲಿ ವಾಯರ್ ಇರಲಿಲ್ಲ. ಆಂಪ್ಲಿಫಾಯರಿನ ಆ ವಾಯರನ್ನೂ ಕೆಂಪು, ಹಳದಿಯ ಜೊತೆ ಸೇರಿಸಿ ಒಂದೇ ಗಂಟು ಹಾಕಿ, ಕರಿ ಟೇಪು ಸುತ್ತಿ ಡ್ಯಾಶ್‌ಬೋರ್ಡಿನ ಹಿಂದೆ ತಳ್ಳಿದೆ. ಹತ್ತು ನಿಮಿಷದ ಕೆಲಸ. ಆಮೇಲೆ ಮರೆತೆ.

ಎರಡು ತಿಂಗಳ ನಂತರ ವ್ಯಾನು ಒಂದು ಮುಂಜಾನೆ ಚಾಲೂ ಆಗಲಿಲ್ಲ. ದಬ್ಬಿ ಚಾಲೂ ಮಾಡಿಕೊಂಡು ನನ್ನ ಹತ್ತಿರ ತಂದರು. ನಾನು ಬ್ಯಾಟರಿಯ ಮೇಲೆ ಕೈಯಿಟ್ಟು, "ಹಳೇದಾಗೇತಣ್ಣಾ, ಹೊಸಾದು ಹಾಕ್ಸು" ಅಂದೆ. ಹಾಕಿಸಿದರು. ಕೆಲವು ದಿನ ಸರಿ ಇತ್ತು. ಮತ್ತೆ ಸತ್ತಿತು. ವಿಚಿತ್ರ ಅಂದರೆ, ದಿನಾ ಸಾಯುತ್ತಿರಲಿಲ್ಲ. ಹುಬ್ಬಳ್ಳಿಗೆ ಹೋಗಿ ಬಂದ ಮರುದಿನ ಒಂದೇ ಹೊಡೆತಕ್ಕೆ ಚಾಲೂ. ಅಮಾವಾಸ್ಯೆಯ ಮರುದಿನ ಮಾತ್ರ ತಪ್ಪದೆ ನಿಲ್ಲುತ್ತಿತ್ತು. ಮೂರು ಅಮಾವಾಸ್ಯೆ ಹೀಗೇ ಆಯಿತು. ವ್ಯಾನಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು, ತೆಂಗಿನಕಾಯಿ ಒಡೆದರು. ನಾನೂ ಅಲ್ಲಿಯೇ ನಿಂತು ಕೈ ಮುಗಿದೆ. ಲೆಕ್ಕ ಮಾತ್ರ ಮಾಡಲಿಲ್ಲ.

ಲೆಕ್ಕ ಮಾಡಿದ್ದರೆ ಏನು ಸಿಗುತ್ತಿತ್ತು ನೋಡಿ. ನಮ್ಮ ಕಡೆ ಅಮಾವಾಸ್ಯೆಗೆ ಎತ್ತಿಗೆ ನೊಗ ಕಟ್ಟುವುದಿಲ್ಲ, ದೂರದ ಪ್ರಯಾಣವನ್ನೂ ಆದಷ್ಟು ಮುಂದೆ ಹಾಕುತ್ತೇವೆ. ವ್ಯಾನಿಗೆ ಅವತ್ತು ಬಾಡಿಗೆ ಇರುತ್ತಿರಲಿಲ್ಲ. ಹಿಂದಿನ ರಾತ್ರಿ ಎಂಟಕ್ಕೆ ನಿಲ್ಲಿಸಿದ್ದು ಅಮಾವಾಸ್ಯೆಯ ದಿನವಿಡೀ ನಿಂತು ಪಾಡ್ಯದ ಮುಂಜಾನೆ ಎಂಟಕ್ಕೆ ತೆಗೆಯುತ್ತಿದ್ದರು. ಒಟ್ಟು 36 ತಾಸು. ಆಂಪ್ಲಿಫಾಯರ್ ಕುಡಿಯುತ್ತಿದ್ದುದು 0.8 ಆಂಪಿಯರ್ ಅಂತ ಆಮೇಲೆ ಗೊತ್ತಾಯಿತು. 36ನ್ನು 0.8ರಿಂದ ಗುಣಿಸಿ. 28.8. ಬ್ಯಾಟರಿ 35ರದು. ಉಳಿದದ್ದು ಆರು ಚಿಲ್ಲರೆ. ಅದರಲ್ಲಿ ಯಾವ ಗಾಡಿ ಚಾಲೂ ಆಗುತ್ತದೆ? ಉಳಿದ ದಿನಗಳಲ್ಲಿ ರಾತ್ರಿ ಹನ್ನೆರಡು ತಾಸು ನಿಂತರೆ ಹೋಗುವುದು ಹತ್ತಿರ ಹತ್ತಿರ ಹತ್ತು. ಹುಬ್ಬಳ್ಳಿಗೆ ಹೋಗಿ ಬಂದರೆ ಡೈನಮೋ ಅದನ್ನು ಬಹುಮಟ್ಟಿಗೆ ತುಂಬುತ್ತಿತ್ತು. ಅಮಾವಾಸ್ಯೆಯದು ಏನೂ ತಪ್ಪಿರಲಿಲ್ಲ. ಅವತ್ತು ಗಾಡಿ ನಿಂತಿರುತ್ತಿತ್ತು, ಅಷ್ಟೇ.

ಆ ಹಿರಿಯರಿಗೆ ಒಬ್ಬ ಮಗ. ಆಗ ಇದೇ ಶಾಲೆಯಲ್ಲಿ ಒಂಬತ್ತನೆಯ ತರಗತಿ. ಸಂಜೆ ವ್ಯಾನಿನಲ್ಲಿ ಕೂತು ಹಾಡು ಕೇಳುವುದು ಅವನ ಚಟ. ಎರಡನೆಯ ಬ್ಯಾಟರಿಯೂ ಕೆಟ್ಟಾಗ ನಾನು ತೀರ್ಪು ಕೊಟ್ಟುಬಿಟ್ಟೆ.

"ನಿನ್ನ ಹುಡುಗ ರಾತ್ರಿ ಟೇಪ್ ಹಚ್ಚಿ ಕುಂಡರ್ತಾನ ನೋಡಣ್ಣಾ. ಅವನ ಬ್ಯಾಟರಿ ತಿಂದಾನ."

ಹುಡುಗ ಅಲ್ಲೇ ನಿಂತಿದ್ದ. "ಇಲ್ರಿ ಕಾಕಾ, ರಾತ್ರಿ ನಾ ಹಚ್ಚೂದಿಲ್ರಿ" ಅಂದ. ಆಮೇಲೆ ಇನ್ನೊಂದು ಮಾತು ಹೇಳಿದ. "ಸೀಟಿನ ತೆಳಗಿನ ಆ ಡಬ್ಬಿ ಮುಂಜಾನೆ ಕೈ ಇಟ್ಟರ ಬೆಚ್ಚಗ ಇರತೈತ್ರಿ."

ನಾನು ಏನೆಂದೆ ಗೊತ್ತೇ? "ದೊಡ್ಡವ್ರು ಮಾತಾಡೂಮುಂದ ನಡಬರಕ ಬಾಯಿ ಹಾಕಬ್ಯಾಡ, ಸುಮ್ನಿರು."

ಅವತ್ತು ಮನೆಗೆ ಹೋದ ಮೇಲೆ ಅಪ್ಪ ಅವನನ್ನು ಹೊಡೆದರಂತೆ. ನನಗೆ ಆಮೇಲೆ ತಿಳಿಯಿತು.

ಮಕ್ಕಳೇ, ಆ ಹುಡುಗ ಹೇಳಿದ ಒಂದು ಮಾತಿನಲ್ಲಿ ಉತ್ತರ ಪೂರ್ತಿ ಇತ್ತು. ಚಳಿಗಾಲದ ಮುಂಜಾನೆ, ರಾತ್ರಿಯಿಡೀ ನಿಂತ ಗಾಡಿಯಲ್ಲಿ ಒಂದು ಕಬ್ಬಿಣದ ಡಬ್ಬಿ ಬೆಚ್ಚಗೆ ಯಾಕೆ ಇರಬೇಕು? 12 ವೋಲ್ಟು, 0.8 ಆಂಪಿಯರು, ಗುಣಿಸಿದರೆ ಹತ್ತು ವ್ಯಾಟ್ ಹತ್ತಿರ. ಆ ಹತ್ತು ವ್ಯಾಟ್ ರಾತ್ರಿಯಿಡೀ ಕಾವಾಗಿ ಹೋಗುತ್ತಿತ್ತು. ಅವನು ಕೈ ಇಟ್ಟು ನೋಡಿ ಹೇಳಿದ್ದ. ನಾನು ನೋಡದೆ ಹೇಳಿದ್ದೆ. ನಾನು ಕಸುಬುದಾರ ಅಂತ ನನ್ನ ಮಾತು ನಡೆಯಿತು.

ಮುಂದಿನ ಪಾಡ್ಯದ ದಿನ ನಸುಕಿನಲ್ಲಿ ಒಂದು ಹೆಣ್ಣುಮಗಳಿಗೆ ಹೆರಿಗೆ ಬೇನೆ ಬಂತು. ವ್ಯಾನಿಗೆ ಓಡಿ ಬಂದರು. ಚಾವಿ ತಿರುಗಿಸಿದರೆ ಟಕ್ ಅಂತ ಒಂದು ಸಪ್ಪಳ, ಮುಂದೆ ಏನಿಲ್ಲ. ಹಿಂದಿನ ದಿನ ಮಳೆ ಆಗಿತ್ತು. ಎರಿ ಮಣ್ಣಿನ ದಾರಿ ನಿಮಗೆ ಗೊತ್ತೇ ಇದೆ, ನಡೆದರೆ ಚಪ್ಪಲಿಯೇ ಮೇಲೆ ಬರುವುದಿಲ್ಲ. ಆ ರಾಡಿಯಲ್ಲಿ ಹತ್ತು ಜನ ಸೇರಿ ವ್ಯಾನು ದಬ್ಬಿದರು. ಒಳಗೆ ಬೇನೆ ತಿನ್ನುತ್ತಿರುವ ತಾಯಿ. ಗಟ್ಟಿ ದಾರಿಗೆ ತರುವವರೆಗೆ ಮುಕ್ಕಾಲು ತಾಸು ಹೋಯಿತು. ಆಮೇಲೆ ಒಂದು ಇಳಿಜಾರಿನಲ್ಲಿ ಎಂಜಿನ್ ಹಿಡಿಯಿತು. ದಬ್ಬಿದವರಲ್ಲಿ ನಾನೂ ಇದ್ದೆ. ತಾಯಿ, ಮಗು ಇಬ್ಬರೂ ಉಳಿದರು. ಉಳಿಯದಿದ್ದರೆ ನಾನು ಇವತ್ತು ಇಲ್ಲಿ ನಿಂತು ಮಾತಾಡುತ್ತಿರಲಿಲ್ಲ.

ಅವತ್ತು ಮನೆಗೆ ಹೋಗಿ ಕೂತರೂ ಊಟ ಸೇರಲಿಲ್ಲ. ಈ ಶಾಲೆಯಲ್ಲಿ ನಮಗೆ ವಿಜ್ಞಾನ ಹೇಳಿದ ಮಾಸ್ತರರು ನೆನಪಾದರು. ಅವರು ಬೋರ್ಡಿನ ಮೇಲೆ ಒಂದು ಮಂಡಲ ಬರೆದು ವರ್ಷಕ್ಕೆ ಹತ್ತು ಸಲ ಹೇಳುತ್ತಿದ್ದರು: ವೋಲ್ಟ್‌ಮೀಟರ್ ಸಮಾಂತರದಲ್ಲಿ, ಆಮ್ಮೀಟರ್ ಸರಣಿಯಲ್ಲಿ. ಪರೀಕ್ಷೆಗೆ ಎರಡು ಅಂಕದ ಪ್ರಶ್ನೆ ಅಂತ ಉರು ಹೊಡೆದಿದ್ದೆವು. ಹೊಟ್ಟೆಪಾಡಿಗೆ ಬರುತ್ತದೆ ಅಂತ ಅನ್ನಿಸಿರಲಿಲ್ಲ. ನಾನು ಆವರೆಗೆ ಬಲ್ಬ್ ಹಚ್ಚಿ ನೋಡುತ್ತಿದ್ದೆ, ವೋಲ್ಟ್ ನೋಡುತ್ತಿದ್ದೆ. ನಿಂತ ಗಾಡಿಯಿಂದ ಎಷ್ಟು ಪ್ರವಾಹ ಹರಿದು ಹೋಗುತ್ತಿದೆ ಅಂತ ಒಮ್ಮೆಯೂ ಅಳೆದಿರಲಿಲ್ಲ.

ಸಂಜೆ ಮೀಟರ್ ತೆಗೆದುಕೊಂಡು ಅವರ ಮನೆಗೆ ಹೋದೆ. ಬ್ಯಾಟರಿ ಹಿಡಿಯಲು ಬ್ಯಾಟರಿ ಬೇಕಲ್ಲ, ಕತ್ತಲಾಗಿತ್ತು, ಹುಡುಗನೇ ಟಾರ್ಚ್ ಹಿಡಿದ. ಮೀಟರಿನ ಅಂಕಿ ಓದುವ ಕೆಲಸವನ್ನೂ ಅವನಿಗೇ ಕೊಟ್ಟೆ. ಅವತ್ತು ಮಾಡಿದ್ದನ್ನು ಕ್ರಮವಾಗಿ ಹೇಳುತ್ತೇನೆ. ಇವತ್ತಿಗೂ ನಾನು ಮಾಡುವುದು ಇದೇ ಕ್ರಮ.

ಮೊದಲು ಬ್ಯಾಟರಿಯ ವೋಲ್ಟ್ ನೋಡಬೇಕು. ಇಳಿದಿದ್ದರೆ ಚಾರ್ಜ್ ಮಾಡಿಸಿಕೊಂಡೇ ಮುಂದೆ ಹೋಗಬೇಕು. ಎರಡನೆಯದು, ಎಂಜಿನ್ ಚಾಲೂ ಮಾಡಿ ಅದೇ ಜಾಗದಲ್ಲಿ ನೋಡಬೇಕು. 13.8ರಿಂದ 14.4ರ ನಡುವೆ ಬಂದರೆ ಡೈನಮೋ ಸರಿ. 12ರ ಆಸುಪಾಸಿನಲ್ಲೇ ಉಳಿದರೆ ತುಂಬುವವನದೇ ತೊಂದರೆ, ಸೋರಿಕೆ ಹುಡುಕುವುದು ಆಮೇಲೆ. ನಮ್ಮ ವ್ಯಾನಿನದು 14.1 ಬಂತು. ಡೈನಮೋ ಪಾಸು.

ಮೂರನೆಯದು ಸೋರಿಕೆ. ಎಂಜಿನ್ ಬಂದ್ ಮಾಡಿ ಚಾವಿ ತೆಗೆಯಬೇಕು, ಬಾಗಿಲು ಹಾಕಬೇಕು. ಬಾಗಿಲು ತೆರೆದರೆ ಒಳಗಿನ ದೀಪ ಹತ್ತಿ ಲೆಕ್ಕ ಕೆಡುತ್ತದೆ. ಬ್ಯಾಟರಿಯ ಮೈನಸ್ ಕ್ಲ್ಯಾಂಪನ್ನು ಪಾನಾದಿಂದ ಸಡಿಲಿಸಿ ತೆಗೆಯಬೇಕು. ಮೀಟರಿನ ಕೆಂಪು ಕಡ್ಡಿಯನ್ನು 10 ಆಂಪಿಯರ್ ತೂತಿಗೆ ಹಾಕಿ, ಒಂದು ತುದಿ ತೆಗೆದ ಕ್ಲ್ಯಾಂಪಿಗೆ, ಇನ್ನೊಂದು ತುದಿ ಬ್ಯಾಟರಿಯ ಮೈನಸ್ ಕಂಬಕ್ಕೆ. ಈಗ ಗಾಡಿಯ ಎಲ್ಲ ಪ್ರವಾಹ ಮೀಟರಿನ ಒಳಗಿನಿಂದಲೇ ಹಾಯಬೇಕು. ಇದೇ ಸರಣಿ ಜೋಡಣೆ. ಈ ಹೊತ್ತಿನಲ್ಲಿ ಯಾರೂ ಸೆಲ್ಫ್ ಹೊಡೆಯಬಾರದು, ಹೆಡ್‌ಲೈಟ್ ಹಚ್ಚಬಾರದು. ನೂರು ಆಂಪಿಯರ್ ಹಾಯ್ದರೆ ಮೀಟರ್ ಹೋಯಿತು. ಅದಕ್ಕೇ ಚಾವಿಯನ್ನು ನಿಮ್ಮ ಜೇಬಿನಲ್ಲಿ ಇಟ್ಟುಕೊಳ್ಳಿ.

ಆ ಹಳೆಯ ವ್ಯಾನಿನಲ್ಲಿ ಕಂಪ್ಯೂಟರ್ ಇರಲಿಲ್ಲ. ಹತ್ತು, ಹದಿನೈದು ಮಿಲಿ ಆಂಪಿಯರ್ ಬಂದರೆ ಸಾಕಾಗಿತ್ತು. ಹುಡುಗ ಓದಿದ: "ಸೊನ್ನಿ ಪಾಯಿಂಟ್ ಎಂಟು ಎರಡ್ರಿ." ಅಂದರೆ 820 ಮಿಲಿ ಆಂಪಿಯರ್.

ನಾಲ್ಕನೆಯದು, ಫ್ಯೂಸ್ ಒಂದೊಂದೇ ತೆಗೆಯುವುದು. ತೆಗೆದು, ಅಂಕಿ ನೋಡಿ, ಕದಲದಿದ್ದರೆ ಅದನ್ನು ಅಲ್ಲೇ ಹಾಕಿ ಮುಂದಿನದು. ಎಲ್ಲವನ್ನೂ ಒಮ್ಮೆಲೇ ಕಿತ್ತರೆ ಯಾವುದು ಎಲ್ಲಿಯದು ಅಂತ ಗೊತ್ತಾಗುವುದಿಲ್ಲ. ಹಾರನ್ ಫ್ಯೂಸ್ ತೆಗೆದೆ, ಕದಲಲಿಲ್ಲ. ವೈಪರ್ ತೆಗೆದೆ, ಕದಲಲಿಲ್ಲ. ಟೇಪಿನದು ತೆಗೆದೆ.

"ಕಾಕಾ, ಇಳೀತ್ರಿ! ಸೊನ್ನಿ ಪಾಯಿಂಟ್ ಸೊನ್ನಿ ಒಂದು."

ಅದೇ ಫ್ಯೂಸಿನ ಮೇಲೆ ಒಳಗಿನ ದೀಪವೂ ಇತ್ತು. ಅವಸರ ಮಾಡಬಾರದು ಅಂತ ಫ್ಯೂಸ್ ಮತ್ತೆ ಹಾಕಿ ದೀಪದ ಬಲ್ಬ್ ತೆಗೆದೆ. ಅಂಕಿ ಇಳಿಯಲಿಲ್ಲ. ಆಂಪ್ಲಿಫಾಯರಿನ ದಪ್ಪ ವಾಯರಿನ ಫ್ಯೂಸ್ ತೆಗೆದೆ. ಇಳಿಯಿತು. ಕುಡಿಯುವವನು ಆಂಪ್ಲಿಫಾಯರ್. ಹಾಗಾದರೆ ಅವನನ್ನು ಎಬ್ಬಿಸಿ ಕೂರಿಸಿದವರು ಯಾರು? ಟೇಪನ್ನು ಡ್ಯಾಶ್‌ಬೋರ್ಡಿನಿಂದ ಎಳೆದೆ. ಹಿಂದೆ ಕರಿ ಟೇಪು ಸುತ್ತಿದ ಗಂಟು. ಬಿಚ್ಚಿದೆ. ಹಳದಿ, ಕೆಂಪು, ನೀಲಿ ಮೂರೂ ಒಂದರ ಕೊರಳಿಗೆ ಒಂದು ಬಿದ್ದಿದ್ದವು. ಗಂಟು ನಾನೇ ಹಾಕಿದ್ದು.

ಹುಡುಗನಿಗೆ ಆ ಗಂಟು ಯಾರದು ಅಂತ ಗೊತ್ತಿರಲಿಲ್ಲ. ಅವನ ಅಪ್ಪನಿಗೂ ಹೊಳೆದಿರಲಿಲ್ಲ. ಸುಮ್ಮನೆ ಬಿಚ್ಚಿ ಸರಿಯಾಗಿ ಜೋಡಿಸಿ, "ವಾಯರ್ ಲೂಜ್ ಆಗಿತ್ತಣ್ಣಾ" ಅಂದು ಎದ್ದು ಬರಬಹುದಿತ್ತು. ಒಂದು ನಿಮಿಷ ಹಾಗೆ ಮಾಡಲೇ ಅಂತಲೂ ಮನಸ್ಸಿಗೆ ಬಂತು. ಆಮೇಲೆ ಹೇಳಿದೆ. "ಅಣ್ಣಾ, ಇದು ನನ್ನ ಕೈಕೆಲಸ. ಎರಡು ಬ್ಯಾಟರಿ ದಂಡ ಆಗಿದ್ದು ನನ್ನಿಂದ. ಒಂದರ ರೊಕ್ಕ ನಾ ಕೊಡ್ತೀನಿ, ಇನ್ನೊಂದರದೂ ಕೊಡ್ತೀನಿ, ಸ್ವಲ್ಪ ತಡಿ."

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದರು: "ರೊಕ್ಕದ್ದು ಆಮ್ಯಾಲ ನೋಡೂಣು. ಮೊದಲ ಹುಡುಗಗ ಹೇಳು."

ನಾನು ಅವನ ಕಡೆ ತಿರುಗಿ, "ತಪ್ಪು ನಂದೈತಿ ತಮ್ಮಾ, ನಿಂದಲ್ಲ. ಡಬ್ಬಿ ಬೆಚ್ಚಗಿರತೈತಿ ಅಂತ ನೀ ಹೇಳಿದ್ದು ಖರೇ ಇತ್ತು" ಅಂದೆ. ಅವನು ಟಾರ್ಚನ್ನು ಬೇರೆ ಕಡೆ ತಿರುಗಿಸಿದ. ಮುಖ ಕಾಣಲಿಲ್ಲ.

ಗಂಟು ಬಿಚ್ಚಿ ಕೆಂಪನ್ನು ಚಾವಿಯ ತಿರುವಿಗೆ ಕೊಟ್ಟೆ. ನೀಲಿಯನ್ನೂ ಅಲ್ಲಿಗೇ ಕೊಟ್ಟೆ. ಚಾವಿ ಇಲ್ಲದೆ ಹಾಡು ಬೇಕು ಅಂದಾಗ ಬಳಸಲು ಬೇರೆ ಒಂದು ಸ್ವಿಚ್ಚು, ಅದರ ಮೇಲೆ ಎದ್ದು ಕಾಣುವ ಕೆಂಪು ದೀಪ ಹಾಕಿದೆ. ಸ್ವಿಚ್ ಮರೆತರೆ ದೀಪ ನೆನಪು ಮಾಡುತ್ತದೆ. ಮೀಟರ್ 0.01 ತೋರಿಸಿತು. ಮುಂದಿನ ಅಮಾವಾಸ್ಯೆ ದಾಟಿತು, ಪಾಡ್ಯದ ದಿನ ಒಂದೇ ಹೊಡೆತಕ್ಕೆ ಚಾಲೂ ಆಯಿತು. ನಿಂಬೆಹಣ್ಣು ಕಟ್ಟುವುದನ್ನು ಅವರು ಬಿಡಲಿಲ್ಲ, ನಾನೂ ಬಿಡಿ ಅನ್ನಲಿಲ್ಲ. ಬ್ಯಾಟರಿಗಳ ರೊಕ್ಕ ಎರಡು ಸುಗ್ಗಿಯಲ್ಲಿ ತೀರಿಸಿದೆ.

ಎರಡು ಬ್ಯಾಟರಿ ಯಾಕೆ ಪೂರ್ತಿ ಹಾಳಾದವು ಅಂತ ನೀವು ಕೇಳಬಹುದು. ಸೀಸದ ಬ್ಯಾಟರಿ ಬರಿದಾದಾಗ ಅದರ ಹಲಗೆಗಳ ಮೇಲೆ ಸೀಸದ ಸಲ್ಫೇಟ್ ಕೂಡುತ್ತದೆ. ಬೇಗ ಚಾರ್ಜ್ ಮಾಡಿದರೆ ಕರಗುತ್ತದೆ. ಬರಿದಾಗಿ ಹಾಗೇ ಬಿಟ್ಟರೆ, ಪದೇ ಪದೇ ಹಾಗಾದರೆ, ಅದು ಗಟ್ಟಿಯಾಗಿ ಕೂತುಬಿಡುತ್ತದೆ. ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಹಿಡಿಯುವುದಿಲ್ಲ. ಆದ್ದರಿಂದ ಸೋರಿಕೆ ಹುಡುಕದೆ ಬ್ಯಾಟರಿ ಬದಲಿಸುವುದು ಅಂದರೆ ತೂತು ಕೊಡಕ್ಕೆ ಮತ್ತೆ ಮತ್ತೆ ನೀರು ತಂದಂತೆ.

ಈಗಿನ ಗಾಡಿಗಳ ಬಗ್ಗೆ ನಾಲ್ಕು ಮಾತು. ಈಗ ಪ್ರತಿ ಕಾರಿನಲ್ಲೂ ಸಣ್ಣ ಕಂಪ್ಯೂಟರುಗಳಿವೆ. ಚಾವಿ ತೆಗೆದ ಮೇಲೂ ಅವು ಇಪ್ಪತ್ತು, ಮೂವತ್ತು ನಿಮಿಷ, ಕೆಲವದರಲ್ಲಿ ಇನ್ನೂ ಹೆಚ್ಚು ಹೊತ್ತು ಎಚ್ಚರ ಇರುತ್ತವೆ. ಕೂಡಲೇ ಅಳೆದು "ಸೋರಿಕೆ ಐತಿ" ಅನ್ನಬಾರದು, ಕಾಯಬೇಕು. ಎಲ್ಲ ಮಲಗಿದ ಮೇಲೆ 20ರಿಂದ 50 ಮಿಲಿ ಆಂಪಿಯರ್ ಇದ್ದರೆ ಅದು ಸಹಜ. ಸಹಜ ಅಂದರೂ ಲೆಕ್ಕ ಇದೆ. 50 ಮಿಲಿ ಆಂಪಿಯರ್ ಹೋಗುತ್ತಿದ್ದರೆ 35ರ ಬ್ಯಾಟರಿ 700 ತಾಸಿಗೆ, ಅಂದರೆ 29 ದಿನಕ್ಕೆ ಬರಿದು. ಹದಿನೈದು ದಿನಕ್ಕೆ ಅರ್ಧ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಕ್ಕಳು ಕಾರನ್ನು ಊರಲ್ಲಿ ಬಿಟ್ಟು ಹೋಗಿ ತಿಂಗಳ ನಂತರ ಬಂದು "ಯಾರು ಏನು ಮಾಡಿದ್ರಿ" ಅಂತ ಮನೆಯವರನ್ನು ಕೇಳುತ್ತಾರೆ. ಯಾರೂ ಏನೂ ಮಾಡಿರುವುದಿಲ್ಲ. ವಾರಕ್ಕೊಮ್ಮೆ ಅರ್ಧ ತಾಸು ಓಡಿಸಿ, ಇಲ್ಲವೇ ಮೈನಸ್ ಕ್ಲ್ಯಾಂಪ್ ತೆಗೆದಿಡಿ. ಹೊರಗಿನಿಂದ ಹಾಕಿಸಿದ ಕ್ಯಾಮೆರಾ, ಜಿ.ಪಿ.ಎಸ್., ಚಾರ್ಜರ್ ಕೂಡ ಕುಡಿಯುವವರೇ. ಅವುಗಳನ್ನೂ ಲೆಕ್ಕಕ್ಕೆ ಹಿಡಿಯಿರಿ.

ವಾಯರಿನ ಬಣ್ಣವನ್ನು ಕಣ್ಣು ಮುಚ್ಚಿ ನಂಬಬೇಡಿ. ನಾನು ಹೇಳಿದ ಬಣ್ಣ ಸೆಟ್ಟಿನ ವಾಯರಿನವು. ಗಾಡಿಯ ಸ್ವಂತ ವಾಯರುಗಳ ಬಣ್ಣ ಕಂಪನಿಗೊಂದು. ಚಾವಿ ಇದ್ದಾಗ ಒಮ್ಮೆ, ತೆಗೆದಾಗ ಒಮ್ಮೆ ಮೀಟರ್ ಹಿಡಿದು ನೋಡಿಯೇ ಜೋಡಿಸಿ.

ಟ್ರ್ಯಾಕ್ಟರಿನ ಹುಡುಗರಿಗೆ ಒಂದು ಮಾತು. ನಿಮ್ಮ ಡಬ್ಬಿಯ ಮೇಲೆ 1000 ವ್ಯಾಟ್ ಅಂತ ಬರೆದಿರುತ್ತದೆ. 1000ವನ್ನು 12ರಿಂದ ಭಾಗಿಸಿದರೆ 83 ಆಂಪಿಯರ್ ಬೇಕು. ಡಬ್ಬಿಯ ಹಿಂದಿನ ಫ್ಯೂಸ್ ನೋಡಿದರೆ 20 ಆಂಪಿಯರಿನದು ಇರುತ್ತದೆ. 20ನ್ನು 12ರಿಂದ ಗುಣಿಸಿ, 240. ಒಳಗೆ ಹೋಗುವುದೇ 240 ಆದರೆ ಹೊರಗೆ 1000 ಎಲ್ಲಿಂದ ಬರುತ್ತದೆ? ಹತ್ತನೆಯ ತರಗತಿಯ ಒಂದು ಸೂತ್ರ ಗೊತ್ತಿದ್ದರೆ ಅಂಗಡಿಯಲ್ಲಿ ಮೋಸ ಹೋಗುವುದಿಲ್ಲ. ಎಂಜಿನ್ ಬಂದ್ ಮಾಡಿ 10 ಆಂಪಿಯರಿನಂತೆ ಹಾಡು ಹಚ್ಚಿದರೆ 75ರ ಬ್ಯಾಟರಿಯೂ ನಾಲ್ಕು ತಾಸಿನೊಳಗೆ ಅರ್ಧ ಆಗುತ್ತದೆ. ಹೊಲದಲ್ಲಿ ಸಂಜೆ ಒಬ್ಬನೇ ಇದ್ದಾಗ ಇದು ನೆನಪಿರಲಿ. ಓಡಿಸುವಾಗ ಹಿಂದಿನವರ ಹಾರನ್ ಕೇಳಿಸುವಷ್ಟೇ ದನಿ ಇರಲಿ.

ಬ್ಯಾಟರಿ ಮುಟ್ಟುವಾಗ ಮೈನಸ್ ಮೊದಲು ತೆಗೆಯಿರಿ, ಹಾಕುವಾಗ ಮೈನಸ್ ಕೊನೆಗೆ ಹಾಕಿರಿ. ಕೈಯ ಉಂಗುರ ತೆಗೆದಿಡಿ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಹತ್ತಿರ ಬೀಡಿ, ಕಡ್ಡಿಪೆಟ್ಟಿಗೆ ಬೇಡ. ಆಂಪ್ಲಿಫಾಯರಿನ ದಪ್ಪ ವಾಯರಿಗೆ ಬ್ಯಾಟರಿಯಿಂದ ಒಂದು ಮೊಳದೊಳಗೇ ಫ್ಯೂಸ್ ಇರಬೇಕು. ಆ ಫ್ಯೂಸ್ ಇರುವುದು ಡಬ್ಬಿ ಉಳಿಸಲಿಕ್ಕಲ್ಲ. ವಾಯರ್ ಎಲ್ಲಾದರೂ ಸುಲಿದು ಗಾಡಿಯ ಮೈಗೆ ತಾಗಿದರೆ ಬೆಂಕಿ ಹತ್ತದಿರಲಿ ಅಂತ.

ನೀವು ಓಮ್‌ನ ನಿಯಮ ಓದುತ್ತೀರಲ್ಲ, ಆ ಓಮ್ ಬೀಗ ಮಾಡುವವನ ಮಗ. ಜರ್ಮನಿಯ ಕೊಲೋನ್ ಊರಿನಲ್ಲಿ ನಿಮ್ಮಂಥ ಮಕ್ಕಳಿಗೆ ಹೈಸ್ಕೂಲಿನಲ್ಲಿ ಪಾಠ ಹೇಳುತ್ತ, ಶಾಲೆಯ ಉಪಕರಣಗಳಲ್ಲಿಯೇ ಪ್ರಯೋಗ ಮಾಡಿದ. 1827ರಲ್ಲಿ ಆ ಪುಸ್ತಕ ಬಂತು. ಅವನೂ ಊಹೆ ಮಾಡಿ ಹೇಳಲಿಲ್ಲ, ಅಳೆದು ಹೇಳಿದ.

ಆ ಹುಡುಗ ಮುಂದೆ ಡಿಪ್ಲೊಮಾ ಮಾಡಿದ. ಈಗ ಬೇರೆ ಊರಲ್ಲಿ ಕೆಲಸದಲ್ಲಿದ್ದಾನೆ. ಹಬ್ಬಕ್ಕೆ ಬಂದರೆ ಅಂಗಡಿಗೆ ಬಂದು ಚಹಾ ಕುಡಿದು ಹೋಗುತ್ತಾನೆ. ಅವತ್ತು ದಬ್ಬಿದ ವ್ಯಾನಿನಲ್ಲಿ ಆಸ್ಪತ್ರೆ ಸೇರಿ ಹುಟ್ಟಿದ ಮಗು ಕೂಡ ಇದೇ ಶಾಲೆಯಲ್ಲಿ ಕಲಿತು ಹೋಯಿತು. ಹೆಸರು ಹೇಳುವುದಿಲ್ಲ, ನಾಚಿಕೊಂಡೀತು.

ಈ ಸುವರ್ಣ ಮಹೋತ್ಸವಕ್ಕೆ ದೊಡ್ಡ ದೇಣಿಗೆ ಕೊಡುವ ಶಕ್ತಿ ನನಗಿಲ್ಲ. ಪ್ರಯೋಗಾಲಯಕ್ಕೆ ಎರಡು ಮೀಟರ್, ಒಂದು ಹಳೆಯ ಟೇಪ್ ಸೆಟ್, ಒಂದು ಆಂಪ್ಲಿಫಾಯರ್ ತಂದಿದ್ದೇನೆ. ಗುರುಗಳಲ್ಲಿ ಒಂದೇ ವಿನಂತಿ. ಅವನ್ನು ಬೀರುವಿನಲ್ಲಿಟ್ಟು ಬೀಗ ಹಾಕಬೇಡಿರಿ. ಮಕ್ಕಳ ಕೈಗೆ ಕೊಡಿರಿ. ಮೀಟರಿನ ಫ್ಯೂಸ್ ಹೋಗುತ್ತದೆ, ಹೋಗಲಿ, ಹೊಸ ಫ್ಯೂಸ್ ನಾನು ತಂದು ಹಾಕುತ್ತೇನೆ. ಎಷ್ಟು ಸಲ ಹೋದರೂ ಸರಿ.